ನೋವಿನಲ್ಲಿ ಇಟ್ಟ ಹೆಸರು

ಕಳೆದ ತಿಂಗಳು ಒಂದು ಶುಕ್ರವಾರ. ಆಫೀಸ್ ಕ್ಯಾಂಟೀನಿನಲ್ಲಿ ಚಪಾತಿ ಮುರಿಯುತ್ತಾ ಕೂತಿದ್ದೆ. ನಮ್ಮ ಟೀಮಿನ ಗೆಳೆಯರೊಬ್ಬರು ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತರು. ಬಳ್ಳಾರಿಯವರು, ಕ್ರೈಸ್ತರು. ಮನೆಯಲ್ಲಿ ಕನ್ನಡ ಬೈಬಲ್ ಓದಿಕೊಂಡೇ ಬೆಳೆದವರು. ಎರಡು ತಿಂಗಳ ಹಿಂದೆ ಅವರಿಗೆ ಗಂಡು ಮಗು ಆಗಿತ್ತು.

"ರೀ, ನೀವು ಹೆಸರುಗಳ ಬಗ್ಗೆ ಅಂಕಣ ಬರೀತೀರಲ್ಲ, ನಮ್ಮನೇದೊಂದು ಪಂಚಾಯ್ತಿ ಇದೆ, ಬಿಡಿಸಿಕೊಡಿ" ಅಂದರು.

ಪಂಚಾಯಿತಿ ಏನಂದ್ರೆ, ಅವರ ತಂದೆ ತೀರಿಕೊಂಡು ಇನ್ನೂ ಒಂದು ವರ್ಷ ಆಗಿಲ್ಲ. ಸ್ಕೂಲ್ ಮೇಷ್ಟ್ರಾಗಿದ್ದವರು, ಊರಲ್ಲಿ ಒಳ್ಳೇ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರನ್ನೇ ಇಡಬೇಕು ಅಂತ ಮಗನಿಗೆ ಆಸೆ. ಅಜ್ಜನ ಹೆಸರು ಯಾಬೇಚ. ಇಂಗ್ಲಿಷ್ ದಾಖಲೆಗಳಲ್ಲಿ ಜಾಬೆಜ್. ಆದರೆ ಹೆಂಡತಿ ಒಪ್ಪುತ್ತಿಲ್ಲ. ಯಾಕೆಂದರೆ ಹೆಸರಿನ ಅರ್ಥ 'ನೋವು'. ಆಕೆಗೆ ಹೆರಿಗೆ ತುಂಬಾ ಕಷ್ಟವಾಗಿತ್ತು. ಹದಿನಾಲ್ಕು ಗಂಟೆ ಬೇನೆ ತಿಂದ ಮೇಲೆ ಸಿಸೇರಿಯನ್, ಆಮೇಲೆ ಮಗು ಹನ್ನೊಂದು ದಿನ ಐಸಿಯುನಲ್ಲಿ. "ನಾನು ಪಟ್ಟ ನೋವು ಸಾಲದಾ? ಅದನ್ನೇ ಮಗನ ಹೆಸರು ಮಾಡಿ ದಿನಾ ಕರೀಬೇಕಾ?" ಅಂದರಂತೆ.

ಗೆಳೆಯರು ನನ್ನ ಮುಖ ನೋಡಿದರು. "ನಿಜವಾಗಲೂ ಆ ಹೆಸರಿಗೆ ನೋವು ಅಂತಾನೇ ಅರ್ಥವಾ?"

ನೋಡಿ ಹೇಳ್ತೀನಿ ಅಂದೆ. ನೋಡುತ್ತಾ ಹೋದಂತೆ ನಾಲ್ಕು ವಾರಾಂತ್ಯ ಅದರಲ್ಲೇ ಕಳೆಯಿತು. ಈ ಸಲದ ಅಂಕಣ ಅದೇ.

ಮೊದಲು ಈ ಹೆಸರು ಎಲ್ಲಿ ಬರುತ್ತೆ ಅಂತ ನೋಡೋಣ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಪೂರ್ವಕಾಲವೃತ್ತಾಂತ ಅಂತ ಎರಡು ಭಾಗದ ಪುಸ್ತಕ ಇದೆ. ಮೊದಲ ಭಾಗದ ಮೊದಲ ಒಂಬತ್ತು ಅಧ್ಯಾಯ ಬಹುಪಾಲು ಬರೀ ವಂಶಾವಳಿ. ಮೊದಲ ವಚನದಲ್ಲಿ ಕ್ರಿಯಾಪದವೇ ಇಲ್ಲ, ಮೂರು ಹೆಸರು ಮಾತ್ರ: ಆದಾಮ, ಸೇತ, ಎನೋಷ. ಆಮೇಲೆ ಇಂಥವನ ಮಗ ಇಂಥವನು, ಅವನ ಮಕ್ಕಳು ಇಂಥವರು ಅಂತ ಸಾಲುಸಾಲು. ನಮ್ಮ ಪುರಾಣಗಳಲ್ಲಿ ಸೂರ್ಯವಂಶ, ಚಂದ್ರವಂಶದ ಪಟ್ಟಿ ಬಂದಾಗ ಪುಟ ತಿರುಗಿಸಿಬಿಡುತ್ತೇವಲ್ಲ, ಬೈಬಲ್ ಓದುವವರೂ ಇಲ್ಲಿ ಹಾಗೇ ಮಾಡುತ್ತಾರೆ.

ನಾಲ್ಕನೇ ಅಧ್ಯಾಯದಲ್ಲಿ ಯೆಹೂದ ಕುಲದ ಪಟ್ಟಿ ನಡೀತಾ ಇರುತ್ತೆ. ಒಂಬತ್ತನೇ ವಚನಕ್ಕೆ ಬಂದಾಗ ಪಟ್ಟಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಯಾಬೇಚ ಅಂತ ಒಬ್ಬ ಬರುತ್ತಾನೆ. ಅವನ ತಂದೆ ಯಾರು ಅಂತ ಹೇಳಿಲ್ಲ. ಮಕ್ಕಳಿದ್ದರೋ ಇಲ್ಲವೋ ಅದೂ ಇಲ್ಲ. ಹೇಳಿರುವುದು ಇಷ್ಟೇ: ಅವನು ತನ್ನ ಅಣ್ಣತಮ್ಮಂದಿರಿಗಿಂತ ಗೌರವಸ್ಥನಾಗಿದ್ದ. ನೋವಿನಿಂದ ಹೆತ್ತೆ ಅಂತ ಅವನ ತಾಯಿ ಅವನಿಗೆ ಆ ಹೆಸರಿಟ್ಟಳು. ಅವನು ದೇವರನ್ನು ಬೇಡಿಕೊಂಡ. ದೇವರು ಕೊಟ್ಟ. ಎರಡೇ ವಚನ. ಹನ್ನೊಂದನೇ ವಚನದಲ್ಲಿ ಏನೂ ಆಗಿಲ್ಲ ಎಂಬಂತೆ ಪಟ್ಟಿ ಮತ್ತೆ ಶುರು.

ನಾನು ಕೆಲಸ ಮಾಡುವುದು ಡೇಟಾಬೇಸ್ ಜೊತೆ. ಸಾವಿರಾರು ಸಾಲಿನ ಟೇಬಲ್ಲಿನಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ ಇರುವ ಒಂದು ಸಾಲು ಸಿಕ್ಕಿದರೆ, 'ಇದೇನೋ ತಪ್ಪಾಗಿದೆ' ಅಂತ ಮೊದಲು ಅದನ್ನೇ ನೋಡುತ್ತೇವೆ. ಇಲ್ಲಿ ಹಾಗೆ ಕಾಲಂ ಖಾಲಿ ಇರುವ ಸಾಲಿನಲ್ಲೇ ಕಥೆ ಇದೆ.

ಈ ಪಟ್ಟಿಗಳು ಯಾಕೆ ಬೇಕಾಗಿದ್ದವು ಅನ್ನುವುದನ್ನು ತಿಳಿದುಕೊಂಡರೆ ಇದು ಎಷ್ಟು ವಿಚಿತ್ರ ಅಂತ ಗೊತ್ತಾಗುತ್ತೆ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಹಾಳುಮಾಡಿ ಜನರನ್ನು ಸೆರೆ ಒಯ್ದರು. ಅರ್ಧ ಶತಮಾನದ ನಂತರ ಪರ್ಷಿಯಾದ ದೊರೆ ಕೋರೆಷ (ಇತಿಹಾಸದ ಪುಸ್ತಕಗಳಲ್ಲಿ ಸೈರಸ್) ಬಾಬೆಲನ್ನು ಗೆದ್ದಾಗ ಅವರಿಗೆ ಊರಿಗೆ ಮರಳಲು ಅವಕಾಶವಾಯಿತು. ಪೂರ್ವಕಾಲವೃತ್ತಾಂತ ಬರೆದದ್ದು ಆ ಮರಳುವಿಕೆಯ ನಂತರದ ಕಾಲದಲ್ಲಿ. ವಾಪಸು ಬಂದವರಿಗೆ ನಾನು ಯಾರ ಮನೆಯವನು, ಯಾವ ಕುಲ, ಯಾವ ಜಾಗ ಅಂತ ತೋರಿಸಲು ವಂಶಾವಳಿ ಬೇಕಿತ್ತು. ಎಜ್ರನ ಪುಸ್ತಕದ ಎರಡನೇ ಅಧ್ಯಾಯದಲ್ಲಿ ಒಂದು ಪ್ರಸಂಗ ಇದೆ. ಹಕ್ಕೋಚ್ ಮೊದಲಾದ ಕೆಲವು ಯಾಜಕ ಮನೆತನದವರು ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಾರೆ, ಸಿಗುವುದಿಲ್ಲ. ಅಷ್ಟಕ್ಕೇ ಅವರನ್ನು ಯಾಜಕ ಕೆಲಸದಿಂದ ಹೊರಗಿಡುತ್ತಾರೆ. ಹಳೇ ಪಹಣಿಯಲ್ಲಿ ಹೆಸರಿಲ್ಲ ಅಂತ ತಾಲ್ಲೂಕು ಕಚೇರಿಯಿಂದ ಬರಿಗೈಲಿ ವಾಪಸು ಬಂದವರಿಗೆ ಆ ಸಂಕಟ ಚೆನ್ನಾಗಿ ಗೊತ್ತು.

ಅಂಥ ಕಾಲದಲ್ಲಿ, ಅಂಥ ಪಟ್ಟಿಯಲ್ಲಿ, ಅಪ್ಪನ ಹೆಸರೇ ಇಲ್ಲದವನೊಬ್ಬನಿಗಾಗಿ ಬರೆಯುವವನು ಕೈ ನಿಲ್ಲಿಸಿದ್ದಾನೆ. ಅಪ್ಪನ ಬದಲು ಅಮ್ಮನ ಮಾತನ್ನು ಬರೆದಿಟ್ಟಿದ್ದಾನೆ.

ಈಗ ಗೆಳೆಯರ ಪ್ರಶ್ನೆ. ಹೆಸರಿಗೆ ನೋವು ಅಂತಾನೇ ಅರ್ಥವಾ?

ಹೀಬ್ರೂ ಭಾಷೆಯಲ್ಲಿ ಹೆಚ್ಚಿನ ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಸ್ವರಗಳನ್ನು ಬದಲಾಯಿಸಿ, ಮುಂದೆ ಹಿಂದೆ ಪ್ರತ್ಯಯ ಸೇರಿಸಿ ಬೇರೆ ಬೇರೆ ಪದ ಮಾಡಿಕೊಳ್ಳುತ್ತಾರೆ. ನೋವಿನ ಧಾತುವಿನ ಮೂರು ಅಕ್ಷರ: ಅಯಿನ್, ತ್ಸಾದೆ, ಬೇತ್. ಅಯಿನ್ ಅನ್ನುವುದು ಗಂಟಲಿನ ಆಳದಿಂದ ಬರುವ ಧ್ವನಿ, ಕನ್ನಡದಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ತ್ಸಾದೆಯನ್ನು ಈಗ 'ತ್ಸ' ಎನ್ನುತ್ತಾರೆ. ಬೇತ್ ಅಂದರೆ ಬ, ಕೆಲವು ಕಡೆ ವ. ತಾಯಿ 'ನೋವಿನಿಂದ ಹೆತ್ತೆ' ಎನ್ನುವಾಗ ಬಳಸುವ ಪದ 'ಓತ್ಸೆವ್'. ಅದರಲ್ಲಿ ಈ ಮೂರೂ ಅಕ್ಷರ ಇದೇ ಕ್ರಮದಲ್ಲಿವೆ.

ಈಗ ಹೆಸರು ನೋಡಿ. ಯಾಬೇಚ ಅನ್ನುವುದು ಹೀಬ್ರೂನಲ್ಲಿ 'ಯಅಬೇತ್ಸ್'. ಅಕ್ಷರಗಳು: ಯೋದ್, ಅಯಿನ್, ಬೇತ್, ತ್ಸಾದೆ. ಮೊದಲಿನ ಯೋದ್ 'ಅವನು' ಎಂಬ ಅರ್ಥ ಕೊಡುವ ಕ್ರಿಯಾಪದದ ಗುರುತು. ಯಾಕೋಬ, ಇಸಾಕ ಎಂಬ ಹೆಸರುಗಳೂ ಮೂಲದಲ್ಲಿ ಹೀಗೇ ಯೋದ್‌ನಿಂದ ಶುರುವಾಗುತ್ತವೆ. ಇಸಾಕ ಅಂದರೆ 'ಅವನು ನಗುತ್ತಾನೆ'. ಅದನ್ನು ಬಿಟ್ಟು ಉಳಿದ ಮೂರನ್ನು ನೋಡಿ: ಅಯಿನ್, ಬೇತ್, ತ್ಸಾದೆ. ನೋವಿನಲ್ಲಿ ಅಯಿನ್, ತ್ಸಾದೆ, ಬೇತ್. ಕೊನೆಯ ಎರಡು ಅಕ್ಷರ ಅದಲುಬದಲಾಗಿವೆ!

ನಿಜವಾಗಿ ನೋವಿನ ಧಾತುವಿನಿಂದ ನೇರವಾಗಿ ಹೆಸರು ಮಾಡಿದ್ದರೆ ಅದು 'ಯಅತ್ಸೇವ್' ಆಗಬೇಕಿತ್ತು. ಆಗಿಲ್ಲ. 'ಅಯಿನ್, ಬೇತ್, ತ್ಸಾದೆ' ಎಂಬ ಧಾತು ಬೈಬಲಿನ ಹೀಬ್ರೂನಲ್ಲಿ ಬೇರೆಲ್ಲೂ ಬಳಕೆಯಲ್ಲಿಲ್ಲ. ಹಾಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ಯಾಬೇಚ ಅಂದರೆ ನೋವು ಅಲ್ಲ. ನೋವು ಎಂಬ ಪದವನ್ನು ನೆನಪಿಸುವ ಹೆಸರು, ಅಷ್ಟೇ.

ನಾವು ಇಂಜಿನಿಯರುಗಳಿಗೆ ಇದು ಪರಿಚಯದ ವಿಷಯ. ಹೆಸರುಗಳನ್ನು ಹೋಲಿಸುವ ಪ್ರೋಗ್ರಾಂ ಬರೆಯುವಾಗ ಪಕ್ಕಪಕ್ಕದ ಎರಡು ಅಕ್ಷರ ಅದಲುಬದಲಾಗಿದ್ದರೆ ಅದನ್ನು ಎರಡು ತಪ್ಪು ಅಂತ ಎಣಿಸದೆ ಒಂದೇ ತಪ್ಪು ಅಂತ ಎಣಿಸುವ ಪದ್ಧತಿ ಇದೆ. 1964ರಲ್ಲಿ ಫ್ರೆಡರಿಕ್ ಡ್ಯಾಮೆರೌ ಎಂಬ ಸಂಶೋಧಕರು ಕಾಗುಣಿತದ ತಪ್ಪುಗಳ ಬಗ್ಗೆ ಬರೆದ ಲೇಖನದಿಂದ ಬಂದದ್ದು. ಆ ಲೆಕ್ಕದಲ್ಲಿ ಈ ಹೆಸರಿಗೂ ನೋವಿಗೂ ಇರುವ ದೂರ ಒಂದೇ ಒಂದು ಹೆಜ್ಜೆ. ಆದರೆ ಇಲ್ಲಿ ಅದು ಬರೆಯುವವನ ಕೈತಪ್ಪಲ್ಲ. ಹೆಸರು ನಾಲ್ಕು ಕಡೆ ಬರುತ್ತದೆ, ನಾಲ್ಕೂ ಕಡೆ ಹಾಗೇ ಇದೆ.

ಹಾಗಾದರೆ ಬೈಬಲ್ ತಪ್ಪು ಅರ್ಥ ಹೇಳಿತಾ ಅಂತ ಕೇಳಬಹುದು. ಹಾಗಲ್ಲ. ಬೈಬಲಿನಲ್ಲಿ ಹೆಸರಿಗೆ ಕಾರಣ ಹೇಳುವ ರೀತಿಯೇ ಅದು. ನಿಘಂಟು ಹಿಡಿದು ಹೇಳುವುದಲ್ಲ, ಕಿವಿಯಿಂದ ಹೇಳುವುದು. ನೋಹನ ಹೆಸರು ನೋಡಿ. 'ಇವನು ನಮ್ಮನ್ನು ಸಂತೈಸುವನು' ಅಂತ ಅವನ ತಂದೆ ಲೆಮೆಕ ಕಾರಣ ಕೊಡುತ್ತಾನೆ. ಸಂತೈಸುವುದಕ್ಕೆ ಇರುವ ಧಾತು 'ನಹಮ್'. ನೋಹ ಎಂಬ ಹೆಸರಿಗೆ ಹೊಂದುವ ಧಾತು 'ನೂಹ', ಅಂದರೆ ವಿಶ್ರಮಿಸು. ಹತ್ತಿರ ಹತ್ತಿರ ಕೇಳಿಸುತ್ತವೆ, ಆದರೆ ಬೇರೆ ಬೇರೆ. ಸಮುವೇಲನ ತಾಯಿ ಹನ್ನ 'ದೇವರನ್ನು ಕೇಳಿ ಪಡೆದೆ' ಅಂತ ಮಗನಿಗೆ ಹೆಸರಿಡುತ್ತಾಳೆ. 'ಕೇಳು' ಅನ್ನುವುದಕ್ಕೆ ಹೀಬ್ರೂನಲ್ಲಿ 'ಶಾಅಲ್'. ಅದರಿಂದ ನೇರವಾಗಿ ಬರುವ ಹೆಸರು ಸಮುವೇಲ ಅಲ್ಲ, ಸೌಲ! ತಾಯಂದಿರು ಹೆಸರಿಡುವಾಗ ವ್ಯಾಕರಣ ಪಂಡಿತರನ್ನು ಕೇಳುವುದಿಲ್ಲ, ಅಲ್ವಾ?

ಆದರೂ ಈ ಅಕ್ಷರಪಲ್ಲಟ ನನ್ನನ್ನು ಬಿಡಲಿಲ್ಲ. ಒಬ್ಬ ತಾಯಿ, ಬೇನೆ ತಿಂದು ಸುಸ್ತಾಗಿ ಮಲಗಿದ್ದಾಳೆ. ಬಾಯಿಗೆ ಬಂದದ್ದು ನೋವು ಎಂಬ ಮಾತೇ. ಆದರೆ ಮಗುವಿನ ಹೆಸರಾಗುವ ಹೊತ್ತಿಗೆ ಅಕ್ಷರ ಅತ್ತಿತ್ತ ಸರಿದು ನೋವು ಪೂರ್ತಿ ನೋವಾಗದೆ ಉಳಿದಿದೆ. ಬೇಕೆಂದೇ ಹಾಗೆ ಮಾಡಿದಳು ಅಂತ ಪಠ್ಯ ಹೇಳುವುದಿಲ್ಲ. ನಾನು ಹಾಗೆ ಓದಿಕೊಂಡೆ, ಅಷ್ಟೇ.

ಇಲ್ಲಿ ಕನ್ನಡದ ಒಂದು ಮಾತು. ಇಂಗ್ಲಿಷಿನ ಜಾಬೆಜ್ ಕನ್ನಡ ಬೈಬಲಿನಲ್ಲಿ ಯಾಕೆ ಯಾಬೇಚ? ಹೀಬ್ರೂ 'ಯೋದ್' ಇಂಗ್ಲಿಷಿನಲ್ಲಿ 'ಜೆ' ಆಯಿತು, ಕನ್ನಡದಲ್ಲಿ 'ಯ' ಆಗಿಯೇ ಉಳಿಯಿತು. ಜೇಕಬ್ ನಮ್ಮಲ್ಲಿ ಯಾಕೋಬ, ಜೋಸೆಫ್ ಯೋಸೇಫ. ಇನ್ನು 'ತ್ಸಾದೆ' ಅಕ್ಷರಕ್ಕೆ ಕನ್ನಡದಲ್ಲಿ 'ಚ' ಬಳಸಿದ್ದಾರೆ. ಜಿಯೋನ್ ನಮ್ಮಲ್ಲಿ ಚೀಯೋನ್, ಜೆಡಕಾಯ ಚಿದ್ಕೀಯ, ಪೆರೆಜ್ ಪೆರೆಚ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿಗಾಗಿ ದುಡಿದರು. ಆಮೇಲೆ ಬಂದವರು ತಿದ್ದುತ್ತಾ ಹೋದರು. ಅವರ ಶ್ರಮದಿಂದ ಈ ಹೆಸರುಗಳ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ. ನಮ್ಮ ಬಳ್ಳಾರಿ ಗೆಳೆಯರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. "ಹಂಗಾದ್ರೆ ನಮ್ಮಪ್ಪ ಸಹಿ ಹಾಕ್ತಿದ್ದಿದ್ದೇ ಕರೆಕ್ಟ್ ಅನ್ನಿ" ಅಂದರು.

ಇನ್ನು ಆ ನೋವಿನ ಧಾತು. ಅದು ಬೈಬಲಿನ ಶುರುವಿನಲ್ಲೇ ಬರುತ್ತದೆ. ಆದಿಕಾಂಡದ ಮೂರನೇ ಅಧ್ಯಾಯದಲ್ಲಿ ಹವ್ವಳಿಗೆ ನೀನು ನೋವಿನಿಂದ ಹೆರುವೆ ಎನ್ನುವ ಕಡೆ ಇರುವುದು ಇದೇ ಧಾತು. ಮರು ವಚನದಲ್ಲೇ ಆದಾಮನಿಗೆ ನೆಲ ಉತ್ತು ಕಷ್ಟಪಟ್ಟು ತಿನ್ನಬೇಕು ಎನ್ನುವಲ್ಲೂ ಅದೇ. ಹೆರುವವಳ ಬೇನೆಗೂ ದುಡಿಯುವವನ ದಣಿವಿಗೂ ಒಂದೇ ಪದ. ಹೆಚ್ಚು ಆಶ್ಚರ್ಯ ಆರನೇ ಅಧ್ಯಾಯದಲ್ಲಿ. ಮನುಷ್ಯರ ಕೆಟ್ಟತನ ನೋಡಿ ದೇವರು ಹೃದಯದಲ್ಲಿ ನೊಂದುಕೊಂಡ ಎನ್ನುವಲ್ಲೂ ಇದೇ ಧಾತು. ಅಂದರೆ ಇದು ಬರೀ ಶಿಕ್ಷೆಯ ಪದ ಅಲ್ಲ, ದೇವರಿಗೂ ಅನ್ವಯಿಸುವ ಪದ. ಇವತ್ತಿನ ಇಸ್ರೇಲಿನಲ್ಲಿ ಬೇಜಾರಲ್ಲಿರುವವನನ್ನು 'ಅತ್ಸೂವ್' ಎನ್ನುತ್ತಾರೆ. ಅದೇ ಮೂರು ಅಕ್ಷರ.

ಈ ಯಾಬೇಚ ಅಣ್ಣತಮ್ಮಂದಿರಿಗಿಂತ ಗೌರವಸ್ಥ ಅಂದೆನಲ್ಲ, ಅಲ್ಲಿರುವ ಪದದ ಧಾತು 'ಕಾವೇದ್'. ಅದರ ಮೂಲ ಅರ್ಥ ಭಾರ, ತೂಕ. ಕನ್ನಡದಲ್ಲೂ ಘನ ಅಂದರೆ ಗಟ್ಟಿ, ಭಾರ. ಘನವಂತ ಅಂದರೆ ಮರ್ಯಾದಸ್ಥ. 'ತೂಕದ ಮನುಷ್ಯ' ಅಂತಲೂ ಹೇಳುತ್ತೇವೆ. ಅಪ್ಪನ ಹೆಸರಿಲ್ಲದ, ನೋವಿನ ಹೆಸರು ಹೊತ್ತ ಹುಡುಗ ಮನೆಯಲ್ಲಿ ಎಲ್ಲರಿಗಿಂತ ತೂಕದವನಾದ.

ಅವನು ಬೇಡಿಕೊಂಡದ್ದು ನಾಲ್ಕು: ನನ್ನನ್ನು ಆಶೀರ್ವದಿಸು, ನನ್ನ ಎಲ್ಲೆಯನ್ನು ವಿಸ್ತಾರ ಮಾಡು, ನಿನ್ನ ಕೈ ನನ್ನ ಸಂಗಡ ಇರಲಿ, ಕೇಡಿನಿಂದ ತಪ್ಪಿಸು. ನಾಲ್ಕನೆಯದಕ್ಕೆ ಒಂದು ಬಾಲ ಇದೆ: ನನಗೆ ನೋವಾಗದಿರಲಿ. ಈ ಕೊನೆಯ ಪದದಲ್ಲಿ ನೋವಿನ ಧಾತುವಿನ ಮೂರು ಅಕ್ಷರ ಸರಿಯಾದ ಕ್ರಮದಲ್ಲಿವೆ. ಅಂದರೆ ತಾಯಿ ಅಂದು ಆಡಿದ ಮಾತನ್ನೇ ಮಗ ಪ್ರಾರ್ಥನೆಯಲ್ಲಿ ವಾಪಸು ಹೇಳುತ್ತಿದ್ದಾನೆ. ಹೆಸರು ಬದಲಾಯಿಸು ಅಂತ ಕೇಳಲಿಲ್ಲ. ಆ ಹೆಸರಿನೊಳಗಿನ ನೋವು ನನ್ನ ಬದುಕಾಗದಿರಲಿ ಅಂತ ಕೇಳಿದ.

ಈ ಪ್ರಾರ್ಥನೆ ಆಧರಿಸಿ ಬ್ರೂಸ್ ವಿಲ್ಕಿನ್ಸನ್ ಎಂಬ ಅಮೆರಿಕದ ಲೇಖಕರು 2000ದಲ್ಲಿ ಒಂದು ಪುಟ್ಟ ಪುಸ್ತಕ ತಂದರು. ಲಕ್ಷ ಲಕ್ಷ ಪ್ರತಿ ಖರ್ಚಾಯಿತು. ಎಲ್ಲೆ ವಿಸ್ತರಿಸು ಎಂಬ ಮಾತನ್ನು ಹಿಡಿದುಕೊಂಡು ವ್ಯಾಪಾರ, ಸಂಬಳ ಹೆಚ್ಚಿಸಿಕೊಳ್ಳುವ ಮಂತ್ರದ ಹಾಗೆ ಬಳಸಿದವರೂ ಇದ್ದರು, ಅದನ್ನು ಟೀಕಿಸಿದವರೂ ಇದ್ದರು. ನನಗಂತೂ ಹೆರಿಗೆ ಬೇನೆಯಿಂದ ಶುರುವಾದ ಎರಡು ವಚನದಲ್ಲಿ ತೂಕ ಇರುವುದು ಆ ಕೊನೆಯ ಪದದ ಮೇಲೆ ಅಂತ ಅನಿಸುತ್ತೆ.

ಹೆಸರು ಮುಂದೆ ಎಲ್ಲೆಲ್ಲಿಗೆ ಹೋಯಿತು ಅನ್ನುವುದೂ ಸ್ವಾರಸ್ಯವಾಗಿದೆ. ಅದೇ ಪುಸ್ತಕದ ಎರಡನೇ ಅಧ್ಯಾಯದ ಕೊನೆಯಲ್ಲಿ ಯಾಬೇಚ ಎಂಬುದು ಒಂದು ಊರಿನ ಹೆಸರು. ಅಲ್ಲಿ ಇದ್ದವರು ಲಿಪಿಕಾರರ ಮನೆತನಗಳು, ಅಂದರೆ ಬರವಣಿಗೆಯೇ ಕಸುಬಾಗಿದ್ದವರು. ಮುಂದೆ ಯೆಹೂದಿ ಪಂಡಿತರು ತಾಲ್ಮುದಿನಲ್ಲಿ (ತೆಮೂರಾ ಎಂಬ ಭಾಗದಲ್ಲಿ) ಯಾಬೇಚ ಬೇರೆ ಯಾರೂ ಅಲ್ಲ, ನ್ಯಾಯಸ್ಥಾಪಕ ಒತ್ನೀಯೇಲನೇ ಅಂದರು. ಹೆಸರಿನ ಅರ್ಥವನ್ನೂ ಬೇರೆ ಮಾಡಿದರು. 'ಯಾಅತ್ಸ್' ಅಂದರೆ ಬುದ್ಧಿ ಹೇಳು. 'ರಿಬೇತ್ಸ್' ಅಂದರೆ ಹರಡು. ಜನರಿಗೆ ಬುದ್ಧಿ ಹೇಳಿ ಧರ್ಮಶಾಸ್ತ್ರ ಹರಡಿದವನಾದ್ದರಿಂದ ಯಾಬೇಚ ಅಂತ. ಅಕ್ಷರಗಳು ಅವೇ, ನೋವು ಹೋಗಿ ಪಾಠ ಬಂತು. ನಮ್ಮ ಗೆಳೆಯರ ತಂದೆ ಮೇಷ್ಟ್ರು ಅಂತ ನೆನಪಾಗಿ ನನಗೆ ಇಲ್ಲಿ ಸಣ್ಣಗೆ ನಗು ಬಂತು.

ಇನ್ನೊಂದು ಉದಾಹರಣೆ ನಮ್ಮ ಐಟಿಯವರಿಗೆ ಇಷ್ಟವಾಗುವಂಥದ್ದು. ಈಗ ಹ್ಯಾಂಬರ್ಗ್ ನಗರಕ್ಕೆ ಸೇರಿರುವ ಆಲ್ಟೋನಾದಲ್ಲಿ ಯಾಕೋಬ್ ಎಮ್ಡೆನ್ (1697–1776) ಎಂಬ ದೊಡ್ಡ ವಿದ್ವಾಂಸರಿದ್ದರು. ಯೆಹೂದಿ ಪಂಡಿತರಲ್ಲಿ ಅವರು 'ಯಅಬೇತ್ಸ್' ಎಂದೇ ಪ್ರಸಿದ್ಧರು. ಅದು ಅವರ ಹೆಸರಿನ ಸಂಕ್ಷಿಪ್ತ ರೂಪ. ತಂದೆಯ ಹೆಸರು ತ್ಸ್ವಿ. ಯಅಕೋವ್ ಬೆನ್ ತ್ಸ್ವಿ, ಅಂದರೆ ತ್ಸ್ವಿಯ ಮಗ ಯಾಕೋಬ. ಮೊದಲ ಹೆಸರಿನಿಂದ ಯೋದ್ ಮತ್ತು ಅಯಿನ್, ಬೆನ್ ಇಂದ ಬೇತ್, ತ್ಸ್ವಿಯಿಂದ ತ್ಸಾದೆ. ಅಪ್ಪನ ಹೆಸರೇ ಇಲ್ಲದವನ ಹೆಸರಿನೊಳಗೆ ಇಲ್ಲಿ ಅಪ್ಪನೂ ಬಂದು ಕೂತಿದ್ದಾನೆ. ಇಂಗ್ಲೆಂಡಿನಲ್ಲೂ ಈ ಹೆಸರಿನವರು ಹೆಸರು ಮಾಡಿದ್ದಾರೆ. ಮೆಥಾಡಿಸ್ಟ್ ಸಭೆಯ ಮುಖಂಡ ಜಾಬೆಜ್ ಬಂಟಿಂಗ್ (1779–1858) ಅವರಲ್ಲೊಬ್ಬರು.

ಇಷ್ಟೆಲ್ಲ ಓದುತ್ತಿದ್ದಾಗ ನನಗೆ ಪದೇ ಪದೇ ನೆನಪಾದದ್ದು ನಮ್ಮ ದೊಡ್ಡಮ್ಮ. ಅವರ ಹೆಸರು ಸಾಕಮ್ಮ. ನಮ್ಮ ತುಮಕೂರು ಕಡೆ ಹಳೇ ತಲೆಮಾರಿನಲ್ಲಿ ಈ ಹೆಸರು ತುಂಬಾ. ಯಾಕೆ ಇಡುತ್ತಿದ್ದರು ಅಂತ ನಿಮಗೂ ಗೊತ್ತಿರುತ್ತೆ. ಸಾಲಾಗಿ ಹೆಣ್ಣು ಹುಟ್ಟಿದರೆ ಇನ್ನು ಹೆಣ್ಣು ಸಾಕಪ್ಪಾ ದೇವರೇ ಅಂತ. ದೊಡ್ಡಮ್ಮ ನಾಲ್ಕನೆಯವರು. ಮಹಾರಾಷ್ಟ್ರದಲ್ಲಿ ಇದೇ ಕಾರಣಕ್ಕೆ 'ನಕುಶಿ' ಅಂತ, ಅಂದರೆ ಬೇಡವಾದವಳು ಅಂತ ಹೆಸರಿಡುತ್ತಿದ್ದರು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಒಂದು ಸಮಾರಂಭ ಮಾಡಿ ಅಂಥ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಹೊಸ ಹೆಸರು ಕೊಟ್ಟರು. ಆ ಮಕ್ಕಳು ತಮ್ಮ ಹೆಸರು ತಾವೇ ಆರಿಸಿಕೊಂಡ ಸುದ್ದಿ ಓದಿ ನನಗೆ ಖುಷಿಯಾಗಿತ್ತು.

ಇಂಜಿನಿಯರಿಂಗ್ ಓದುವಾಗ ಒಂದು ಸಲ ದೊಡ್ಡಮ್ಮನಿಗೂ ಹೇಳಿದ್ದೆ. "ನಿಂಗೂ ಹೆಸರು ಚೇಂಜ್ ಮಾಡ್ಸೋಣ ದೊಡ್ಡಮ್ಮ, ಅಫಿಡವಿಟ್ ಮಾಡಿದ್ರೆ ಆಯ್ತು." ಅವರು ಅಕ್ಕಿ ಆರಿಸುತ್ತಾ ಕೂತಿದ್ದರು, ಮೊರದಿಂದ ತಲೆ ಎತ್ತಲಿಲ್ಲ. "ಯಾಕವ್ವ? ನಿನ್ನ ಸಾಕಿದೋಳು ಯಾರು ಅಂತ ಕೇಳಿದ್ರೆ ಇನ್ನೇನ್ ಹೇಳ್ತೀಯ?"

ಹೌದು, ನನ್ನನ್ನು ಸಾಕಿದ್ದು ಅವರೇ. ನನಗೆ ಮೂರು ವರ್ಷ ಇದ್ದಾಗ ಅಮ್ಮನಿಗೆ ಕಾಯಿಲೆಯಾಗಿ ವರ್ಷಗಟ್ಟಲೆ ಆಸ್ಪತ್ರೆ, ಮನೆ ಅಂತ ಓಡಾಟ. ಆಗ ದೊಡ್ಡಮ್ಮ ನನ್ನನ್ನು ಊರಿಗೆ ಕರೆದುಕೊಂಡು ಹೋದರು. ಎಸ್ಸೆಲ್ಸಿವರೆಗೂ ಅಲ್ಲೇ ಇದ್ದೆ. ಕನ್ನಡದಲ್ಲಿ ಸಾಕು ಅಂದರೆ 'ಇನ್ನು ಬೇಡ' ಅಂತಲೂ ಹೌದು, 'ಪೋಷಿಸು' ಅಂತಲೂ ಹೌದು. ಎರಡೂ ಬೇರೆ ಬೇರೆ ಪದ, ಕಿವಿಗೆ ಮಾತ್ರ ಒಂದೇ. ಅವರ ತಂದೆತಾಯಿ ಮೊದಲನೇ ಅರ್ಥದಲ್ಲಿ ಹೆಸರಿಟ್ಟರು. ದೊಡ್ಡಮ್ಮ ಎರಡನೇ ಅರ್ಥದಲ್ಲಿ ಆ ಹೆಸರನ್ನು ಬದುಕಿದರು. ತಾಲ್ಮುದಿನ ಪಂಡಿತರು ಮಾಡಿದ ಕೆಲಸವನ್ನು ನಮ್ಮ ದೊಡ್ಡಮ್ಮ ಮೊರ ಹಿಡಿದುಕೊಂಡೇ ಮಾಡಿಬಿಟ್ಟಿದ್ದರು.

ಆದರೆ ಇದನ್ನು ಹೇಳುವಾಗ ನನಗೆ ಒಂದು ಅಳುಕೂ ಇದೆ. ದೊಡ್ಡಮ್ಮ ಗೆದ್ದರು ಅಂತ ಆ ಹೆಸರಿಟ್ಟದ್ದು ಸರಿಯಾಗುವುದಿಲ್ಲ. ಯಾಬೇಚ ಘನವಂತನಾದ ಅಂತ ಎಲ್ಲ ಮಕ್ಕಳ ಮೇಲೂ ನಮ್ಮ ನೋವಿನ ಹೊರೆ ಹೇರಬಹುದು ಅಂತಲೂ ಅಲ್ಲ. ಬೈಬಲಿನಲ್ಲೇ ಇನ್ನೊಂದು ದಾರಿ ಇದೆ. ಆದಿಕಾಂಡದ 35ನೇ ಅಧ್ಯಾಯದಲ್ಲಿ ರಾಹೇಲಳು ಹೆರಿಗೆಯಲ್ಲಿ ಸಾಯುತ್ತಾಳೆ. ಪ್ರಾಣ ಹೋಗುವಾಗ ಮಗುವಿಗೆ 'ಬೆನೋನಿ' ಅಂತ ಹೆಸರಿಡುತ್ತಾಳೆ, ನನ್ನ ದುಃಖದ ಮಗ ಅಂತ. ಆದರೆ ತಂದೆ ಯಾಕೋಬ ಅದನ್ನು ಉಳಿಸಿಕೊಳ್ಳದೆ 'ಬೆನ್ಯಾಮೀನ' ಅಂತ ಕರೆಯುತ್ತಾನೆ, ಬಲಗೈಯ ಮಗ ಅಂತ. ಅಲ್ಲಿ ಹೆಸರು ಬದಲಾಯಿತು, ಇಲ್ಲಿ ಹೆಸರು ಉಳಿದು ಮಗ ಬದಲಾದ. ಆದರೆ ಬೆನ್ಯಾಮೀನನ ಕಥೆಯನ್ನೂ ಬರೆದವರು ಬೆನೋನಿ ಎಂಬ ಹೆಸರನ್ನು ಅಳಿಸಿಲ್ಲ ನೋಡಿ. ತಾಯಿ ಇಟ್ಟದ್ದನ್ನು ಬರೆದು, ಆಮೇಲೆ ತಂದೆ ಇಟ್ಟದ್ದನ್ನು ಬರೆದಿದ್ದಾರೆ.

ಈ ಎಲ್ಲವನ್ನೂ ಎರಡು ಪುಟ ಮಾಡಿ ಗೆಳೆಯರಿಗೆ ಕಳಿಸಿದೆ. ಕೊನೆಯಲ್ಲಿ ಬರೆದೆ: 'ನೋವು ಅಂತ ನೇರ ಅರ್ಥ ಇಲ್ಲ, ಒಂದಕ್ಷರ ಆಚೀಚೆ ಇದೆ. ಆದರೆ ಇದನ್ನು ನಿಮ್ಮ ಹೆಂಡತಿ ಜೊತೆ ವಾದ ಗೆಲ್ಲೋಕೆ ಮಾತ್ರ ಬಳಸಬೇಡಿ. ಹೆತ್ತವರು ಅವರು.'

ಮರುದಿನ ಸಂಜೆ ಫೋನ್ ಬಂತು. ಮಾತಾಡಿದ್ದು ಅವರಲ್ಲ, ಅವರ ಹೆಂಡತಿ. ಪರಿಚಯ ಇಲ್ಲದಿದ್ದರೂ "ಅಕ್ಕಾ" ಅಂತಲೇ ಶುರುಮಾಡಿದರು. "ಅಕ್ಕಾ, ನೀವು ಕಳ್ಸಿದ್ದು ಪೂರ್ತಿ ಓದ್ದೆ. ಒಂದು ಕೇಳ್ಬೇಕಿತ್ತು. ಆ ಯಾಬೇಚನ ತಾಯಿ ಹೆಸರೇನು?"

ನಾನು ಸುಮ್ಮನಾದೆ. ನಾಲ್ಕು ವಾರ ಅಕ್ಷರ ಲೆಕ್ಕ ಹಾಕಿದ ನನಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ. ತಂದೆಯ ಹೆಸರಿಲ್ಲ ಅಂತ ಅಷ್ಟು ಬರೆದವಳು ತಾಯಿಯ ಹೆಸರೂ ಇಲ್ಲ ಅನ್ನುವುದನ್ನು ಗಮನಿಸಿರಲಿಲ್ಲ. "ಬರೆದಿಲ್ಲ" ಅಂದೆ.

"ಅದೇ ಅಂದ್ಕೊಂಡೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪಾಪ, ಅವ್ಳಿಗೆ ತನ್ನ ಕಷ್ಟ ಹೇಳ್ಕೊಳ್ಳೋಕೆ ಮಗನ ಹೆಸರು ಬಿಟ್ರೆ ಬೇರೆ ಜಾಗಾನೇ ಇರ್ಲಿಲ್ಲ. ನಂಗೆ ಹಂಗಿಲ್ವಲ್ಲ. ನಾನು ಬಾಯಿಬಿಟ್ಟು ಹೇಳ್ತೀನಿ, ಇವ್ರೂ ಕೇಳ್ತಾರೆ."

ಹೆಸರಿನ ತೀರ್ಮಾನ ಇನ್ನೂ ಆಗಿಲ್ಲವಂತೆ. ಜನನ ನೋಂದಣಿಯಲ್ಲಿ ಮಗುವಿನ ಹೆಸರು ಸೇರಿಸಲು ಒಂದು ವರ್ಷದವರೆಗೆ ತಡದ ಶುಲ್ಕ ಇಲ್ಲ, ಹಾಗಾಗಿ ಅವಸರವೂ ಇಲ್ಲ. ಆದರೆ ಮನೆಯಲ್ಲಿ ಜಗಳ ನಿಂತಿದೆ. ಹನ್ನೊಂದು ದಿನ ಐಸಿಯು ಹೊರಗೆ ಕೂತಿದ್ದಾಗ ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳದ ಮಾತೆಲ್ಲ ಈಗ ಹೊರಗೆ ಬರುತ್ತಿದೆ ಅಂತ ಗೆಳೆಯರು ಹೇಳಿದರು. ಸದ್ಯಕ್ಕೆ ಮಗುವನ್ನು ಎಲ್ಲರೂ 'ಗುಂಡ' ಅಂತ ಕರೆಯುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಹೀಗೆ ಸಂಕಟದ ಹೊತ್ತಲ್ಲಿ ಇಟ್ಟ ಹೆಸರಿನವರು ಯಾರಾದರೂ ಇರಬಹುದು. ಇದ್ದರೆ ಒಮ್ಮೆ ಪಕ್ಕ ಕೂತು ಕೇಳಿ, ಆ ಹೆಸರಿಟ್ಟ ದಿನ ಏನಾಗಿತ್ತು ಅಂತ. ಇಟ್ಟ ತಾಯಿಯ ಹೆಸರೇನು ಅಂತಲೂ ಕೇಳಿ ಬರೆದಿಟ್ಟುಕೊಳ್ಳಿ. ನಾನೂ ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ದೊಡ್ಡಮ್ಮನ ಅಮ್ಮನ ಹೆಸರು ನನಗೆ ಗೊತ್ತಿಲ್ಲ. 'ಮುದ್ದೆ ಅಜ್ಜಿ' ಅಂತ ಮಾತ್ರ ಗೊತ್ತು. ಅದನ್ನು ಕೇಳಿಕೊಂಡು ಬರಬೇಕು.